ಮನೆಯೊಳಗಿನ ಕಡಲಿಗೆ ಒಂದು ನೊರೆ ಯಂತ್ರ

ನಮ್ಮ ಮನೆಯಿಂದ ಕಡಲಿಗೆ ಇನ್ನೂರು ಹೆಜ್ಜೆ. ಗಂಗೊಳ್ಳಿ ಬಂದರಿನ ಬೋಟುಗಳ ಸದ್ದು ಬೆಳಗಿನ ಜಾವ ಹಾಸಿಗೆಗೇ ಕೇಳುತ್ತದೆ. ಇಂಥ ಮನೆಯಲ್ಲಿ ಪಿಯುಸಿ ಓದುವ ನನ್ನ ತಂಗಿ ಒಂದು ಗಾಜಿನ ಪೆಟ್ಟಿಗೆ ಇಟ್ಟು, ಅದರಲ್ಲಿ ಉಪ್ಪುನೀರು ತುಂಬಿ ಹವಳ ಸಾಕುತ್ತೇನೆ ಎಂದಾಗ ಅಪ್ಪಯ್ಯ ಕೇಳಿದ್ದು ಒಂದೇ ಮಾತು: "ಮನಿ ಎದ್ರಿಗೇ ಇಷ್ಟ್ ದೊಡ್ಡ ಕಡಲ್ ಇತ್ತಲ್ದಾ, ಮನಿಯೊಳ್ಗೆ ಇನ್ನೊಂದ್ ಎಂತಕ್ ಮಗಾ?"

ಅಪ್ಪಯ್ಯ ಮೂವತ್ತು ವರ್ಷದಿಂದ ಬೋಟಿಗೆ ಹೋಗುವವರು. ಅವರ ಪ್ರಶ್ನೆಗೆ ತಂಗಿಯ ಬಳಿ ಉತ್ತರ ಇರಲಿಲ್ಲ. ಮುರ್ಡೇಶ್ವರದ ಆಚೆಗಿನ ನೇತ್ರಾಣಿ ದ್ವೀಪದ ಸುತ್ತ ನೀರಿನಡಿ ತೆಗೆದ ವಿಡಿಯೋ ನೋಡಿದ ದಿನದಿಂದ ಅವಳಿಗೆ ಹವಳದ ಹುಚ್ಚು. ಬೆಂಗಳೂರಿನಲ್ಲಿ ಕೆಲಸ ಬಿಟ್ಟು ಹೊರಡುತ್ತಿದ್ದ ಪರಿಚಯದವರೊಬ್ಬರು ಹಳೆಯ ತೊಟ್ಟಿಯನ್ನು ಕಡಿಮೆ ಬೆಲೆಗೆ ಕೊಟ್ಟರು. ಎರಡು ಅಡಿ ಉದ್ದ, ಒಂದು ಅಡಿ ಅಗಲ. ಮರಳು, ಕೃತಕ ಕಲ್ಲು ಹಾಕಿದ ಮೇಲೆ ಸುಮಾರು 60 ಲೀಟರ್ ನೀರು ಹಿಡಿಯುತ್ತದೆ. ನಾನು ಉಡುಪಿಯಲ್ಲಿ ವರದಿಗಾರ. ಶನಿವಾರ ಊರಿಗೆ ಬರುವವನು. ಹಣ ನನ್ನದು, ಕೆಲಸ ಅವಳದು ಎಂದು ಒಪ್ಪಂದವಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಲ್ಲಿನಂತೆ ಗಟ್ಟಿಯಾಗುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ರಲ್ಲಿವೆ. ಹುಲಿ ಇರುವ ಪಟ್ಟಿಯೇ ಅದು. ಕಡಲಿಂದ ಒಂದು ತುಂಡು ಮುರಿದು ತಂದರೂ ಅಪರಾಧ. ಹಾಗಾಗಿ ತಂಗಿಯ ತೊಟ್ಟಿಯಲ್ಲಿ ಇರುವುದು ಗುಂಡಿಯಂತೆ ಅರಳುವ ಮೆತ್ತನೆಯ ಜೀವಿಗಳು ಮತ್ತು ಎರಡು ಕ್ಲೌನ್ ಮೀನು. ಕಿತ್ತಳೆ ಮೈಗೆ ಬಿಳಿ ಪಟ್ಟೆ. ಅವೂ ಹ್ಯಾಚರಿಯಲ್ಲಿ ಹುಟ್ಟಿದ ಮರಿಗಳು. ಈ ಮೀನನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ಅಭಿವೃದ್ಧಿ ಮಾಡಿದೆ.

ಜನವರಿಯಿಂದ ಮೇ ತನಕ ಎಲ್ಲ ಸುಸೂತ್ರ. ಕಾರಣ, ಬಾಯಲ್ಲಿ ಗೇಲಿ ಮಾಡುತ್ತಿದ್ದ ಅಪ್ಪಯ್ಯನೇ. ಮೂರು ವಾರಕ್ಕೊಮ್ಮೆ ದಡದಿಂದ ದೂರದ ತಿಳಿ ನೀರನ್ನು ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ ತುಂಬಿಸಿ ತರುತ್ತಿದ್ದರು. ತಂಗಿ ವಾರಕ್ಕೆ ಆರು ಲೀಟರ್ ಹಳೆಯ ನೀರು ತೆಗೆದು ಹೊಸದು ಹಾಕುತ್ತಿದ್ದಳು. ಕೊಳೆ ಕಟ್ಟಲು ಅವಕಾಶವೇ ಇರಲಿಲ್ಲ.

ಜೂನ್ 1 ಬಂತು. ಯಾಂತ್ರಿಕ ಮೀನುಗಾರಿಕೆಗೆ 61 ದಿನ ರಜೆ. ಬೋಟು ದಡಕ್ಕೆ, ಅಪ್ಪಯ್ಯ ಜಗಲಿಗೆ. ದಡದ ನೀರನ್ನೇ ತರೋಣ ಎಂದರೆ, ಪಂಚಗಂಗಾವಳಿಯ ಕೆಂಪು ನೀರೆಲ್ಲ ನಮ್ಮ ಅಳಿವೆಯಲ್ಲೇ ಕಡಲು ಸೇರುತ್ತದೆ. ತಂಗಿ ಹೈಡ್ರೋಮೀಟರ್ ಅದ್ದಿ ನೋಡಿದಳು. ಹವಳಕ್ಕೆ ಬೇಕಾದದ್ದು 1.025ರ ಆಸುಪಾಸು. ದಡದಲ್ಲಿ ಸಿಕ್ಕಿದ್ದು 1.012. ಕಡಲ ಎದುರೇ ಕೂತು ನಮಗೆ ಕಡಲ ನೀರು ಸಿಗದಾಯಿತು.

ಆಗ ನೆನಪಾದದ್ದು ತೊಟ್ಟಿಯ ಜೊತೆ ಬಂದಿದ್ದ ಹಳೆಯ ಪ್ರೋಟೀನ್ ಸ್ಕಿಮ್ಮರ್.

ಅದೇನೆಂದು ಸರಳವಾಗಿ ಹೇಳುತ್ತೇನೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ಜಾಲರಿಯಿಂದ ಬಾಚಿ ತೆಗೆಯುತ್ತಾರಲ್ಲ, ಸ್ಕಿಮ್ಮರ್ ಮಾಡುವುದೂ ಅದೇ ಕೆಲಸ. ಬೆಂಕಿಯ ಬದಲು ಗಾಳಿ, ಅಷ್ಟೇ. ಒಂದು ಉದ್ದ ಕೊಳವೆಯೊಳಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳನ್ನು ಬಿಡುತ್ತಾರೆ. ಮೀನಿನ ಹೇಲು, ಉಳಿದ ಆಹಾರ, ಲೋಳೆ ಇವುಗಳಿಂದ ನೀರಿಗೆ ಸೇರುವ ಅನೇಕ ವಸ್ತುಗಳಿಗೆ ಒಂದು ಗುಣವಿದೆ: ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ಆಗದು. ಅವು ಗುಳ್ಳೆಯ ಮೈಗೆ ಅಂಟಿಕೊಂಡು ಮೇಲೇರಿ, ನೊರೆಯಾಗಿ, ತಲೆಯ ಮೇಲಿನ ಬಟ್ಟಲಿಗೆ ಬಂದು ಬೀಳುತ್ತವೆ. ಮಳೆಗಾಲದಲ್ಲಿ ನಮ್ಮ ದಡದಲ್ಲಿ ರಾಶಿ ಬೀಳುವ ನೊರೆ ಹುಟ್ಟುವುದೂ ಹೀಗೆಯೇ.

ಸಿಹಿನೀರಿನ ಸಣ್ಣ ತೊಟ್ಟಿಯಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗಿ ಒಡೆಯುತ್ತವೆ. ಉಪ್ಪುನೀರಿನಲ್ಲಿ ಮಾತ್ರ ಸಣ್ಣವಾಗಿಯೇ ಉಳಿಯುತ್ತವೆ.

ನಮ್ಮ ಹಳೆಯದು ಗಾಳಿಯಿಂದ ನಡೆಯುವ ಜಾತಿ. ತೊಟ್ಟಿಯೊಳಗೆ ಮೂಲೆಯಲ್ಲಿ ನಿಲ್ಲುವ ಕೊಳವೆ, ಅದರ ಬುಡದಲ್ಲಿ ಗುಳ್ಳೆ ಬಿಡುವ ಮರದ ತುಂಡು, ಹೊರಗೆ ಗಾಳಿ ಪಂಪು. ತಂಗಿ ಪಂಪನ್ನು ತೊಟ್ಟಿಯ ಕೆಳಗಿನ ಹಲಗೆಯ ಮೇಲೆ ಇಟ್ಟಳು. ನಾವು ಮಾಡಿದ ತಪ್ಪು ಅಲ್ಲೇ.

ಜೂನ್ ಎರಡನೇ ವಾರ ರಾತ್ರಿ ಗಾಳಿಮಳೆಗೆ ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು. ಪಂಪು ನಿಂತಾಗ ತೊಟ್ಟಿಯ ನೀರು ಅದೇ ಗಾಳಿ ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಇಳಿಯಿತು. ಎರಡು ಗಂಟೆಗೆ ನೀರು ಕುಡಿಯಲು ಎದ್ದ ಅಮ್ಮನ ಕಾಲಿಗೆ ಒದ್ದೆ ತಾಗಿತು. ಟಾರ್ಚ್ ಬಿಟ್ಟು ನೋಡಿದರೆ ಎರಡೂ ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ತಂಗಿ ಅಳುತ್ತಾ ನನಗೆ ಫೋನ್ ಮಾಡಿದಳು. ಉಡುಪಿಯಲ್ಲಿದ್ದ ನಾನು ಏನು ಮಾಡಲಿ?

ಅಪ್ಪಯ್ಯ ಎದ್ದು ಬಂದರಂತೆ. ಚೊಂಬು ತೆಗೆದುಕೊಂಡು ತೊಟ್ಟಿಯ ನೀರನ್ನು ಮೊಗೆದು ಒಂದು ಅಡಿ ಎತ್ತರದಿಂದ ಮತ್ತೆ ತೊಟ್ಟಿಗೇ ಸುರಿದರು. ಮತ್ತೆ ಮೊಗೆದರು, ಮತ್ತೆ ಸುರಿದರು. ನೀರಿಗೆ ಉಸಿರು ಸೇರಿಸಲು ಅವರಿಗೆ ಗೊತ್ತಿದ್ದ ದಾರಿ ಅದು. ಬೆಳಗಾಗುವ ತನಕ ಅಮ್ಮ, ಅವರು, ತಂಗಿ ಸರದಿಯಲ್ಲಿ ಸುರಿದರು. ದೊಡ್ಡ ಮೀನು ಬದುಕಲಿಲ್ಲ. ಸಣ್ಣದು ಉಳಿಯಿತು.

ಆ ಶನಿವಾರ ಮನೆಗೆ ಹೋದಾಗ ತಂಗಿ ತೀರ್ಮಾನ ಮಾಡಿಯೇ ಕೂತಿದ್ದಳು. "ಅಣ್ಣ, ಹೊಸ ಸ್ಕಿಮ್ಮರ್ ಬೇಕು. ಒಳ್ಳೆಯದೇ ಬೇಕು." ಅವಳು ತೋರಿಸಿದ್ದು ತೊಟ್ಟಿಯ ಅಂಚಿಗೆ ಹೊರಗಿನಿಂದ ನೇತು ಹಾಕುವ ಬಗೆ. ಅದರ ಪಂಪಿನ ಚಕ್ರಕ್ಕೆ ಸೂಜಿಯಂಥ ಹಲ್ಲುಗಳಿರುತ್ತವೆ, ಅವೇ ಗಾಳಿಯನ್ನು ಕತ್ತರಿಸಿ ಗುಳ್ಳೆ ಮಾಡುತ್ತವೆ. ಮರದ ತುಂಡು ಬದಲಿಸುವ ತಾಪತ್ರಯವಿಲ್ಲ. ಅಂಗಡಿಯವರು ಹೇಳಿದ ಬೆಲೆ ₹9,000. ಡಬ್ಬದ ಮೇಲೆ "300 ಲೀಟರ್ ತನಕ" ಎಂದಿತ್ತು.

ಪತ್ರಿಕೋದ್ಯಮ ಓದುವಾಗ ಕಲಿತದ್ದು ಒಂದು: ಯಾರಾದರೂ ಅಂಕಿ ಕೊಟ್ಟರೆ, ಯಾವ ಲೆಕ್ಕದಲ್ಲಿ ಎಂದು ಕೇಳು. ಹುಡುಕಿ ಓದಿದೆ. ಡಬ್ಬದ ಮೇಲಿನ ಲೀಟರ್ ಸಾಮಾನ್ಯವಾಗಿ ಮೀನು ತೀರಾ ಕಡಿಮೆ ಇರುವ ತೊಟ್ಟಿಯ ಲೆಕ್ಕ. ಮೀನು ಹೆಚ್ಚಿದ್ದರೆ ಆ ಅಂಕಿಯನ್ನು ಅರ್ಧ ಮಾಡಿಕೊಳ್ಳಬೇಕು ಎನ್ನುತ್ತಾರೆ ಅನುಭವಿಗಳು. ಹಾಗೆಂದು ಅತಿ ದೊಡ್ಡದು ತಂದರೂ ಕಷ್ಟ. ಕೊಳೆ ಸಾಲದೆ ನೊರೆ ಕೊಳವೆಯ ಕತ್ತಿನ ತನಕ ಏರುವುದೇ ಇಲ್ಲ. ಇನ್ನೊಂದು ಮುಖ್ಯ ಸಂಗತಿ: ಸ್ಕಿಮ್ಮರ್ ನೀರಿನ ಕೊಳೆಯನ್ನೆಲ್ಲ ತೆಗೆಯುವುದಿಲ್ಲ. ಒಮ್ಮೆ ನೈಟ್ರೇಟ್ ಆಗಿಬಿಟ್ಟದ್ದನ್ನು ಅದು ಮುಟ್ಟುವುದೂ ಇಲ್ಲ. ಅದಕ್ಕೆ ನೀರು ಬದಲಿಸಬೇಕು.

ತಂಗಿಯ ನೋಟ್‌ಬುಕ್ ತೆರೆಸಿದೆ. ಪ್ರತಿ ಭಾನುವಾರದ ನೈಟ್ರೇಟ್ ಪರೀಕ್ಷೆಯನ್ನು ಬರೆದಿಟ್ಟಿದ್ದಳು. ಒಮ್ಮೆಯೂ 10 ದಾಟಿರಲಿಲ್ಲ. ಅದೂ ಸ್ಕಿಮ್ಮರ್ ಇಲ್ಲದೆ, ಎರಡು ಮೀನು ಇದ್ದಾಗ. ಈಗ ಒಂದೇ ಮೀನು.

ಇನ್ನು ನೀರಿನ ಲೆಕ್ಕ. ಪ್ಯಾಕೆಟ್ಟಿನ ಸಾಗರ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂ ಕರಗಿಸಬೇಕು. ವಾರಕ್ಕೆ ಆರು ಲೀಟರ್ ಎಂದರೆ 210 ಗ್ರಾಂ. ರಜೆ ಮುಗಿಯುವ ತನಕ ಎರಡು ಕಿಲೋ ಸಾಕು. ನೀರು ಪಂಚಾಯ್ತಿಯ ಶುದ್ಧ ಕುಡಿಯುವ ನೀರಿನ ಘಟಕದ್ದು. ₹9,000ದ ಯಂತ್ರ ಇದರ ಮುಂದೆ ದೊಡ್ಡ ಮಾತಾಯಿತು.

"ಆ ರಾತ್ರಿ ಮೀನು ಸತ್ತದ್ದು ಕೊಳೆಯಿಂದಲಾ?" ಎಂದು ಕೇಳಿದೆ.

ಅವಳು ಸುಮ್ಮನಿದ್ದಳು. ಆಮೇಲೆ, "ಅಲ್ಲ, ಉಸಿರು ಕಟ್ಟಿ" ಎಂದಳು. ಹೊಸ ಸ್ಕಿಮ್ಮರ್ ಇದ್ದಿದ್ದರೂ ಕರೆಂಟ್ ಹೋದಾಗ ಅದೂ ನಿಲ್ಲುತ್ತಿತ್ತು.

ಕೊನೆಗೆ ನಾವು ತಂದದ್ದು ಇಷ್ಟು. ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುವ ಬ್ಯಾಟರಿ ಗಾಳಿ ಪಂಪು ಒಂದು. ನೀರು ಹಿಂದಕ್ಕೆ ಹರಿಯದಂತೆ ಪೈಪಿನ ನಡುವೆ ಹಾಕುವ ಸಣ್ಣ ವಾಲ್ವ್. ಹಳೆಯ ಸ್ಕಿಮ್ಮರ್‌ಗೆ ಹೊಸ ಮರದ ತುಂಡು, ಸುಟ್ಟುಹೋದ ಪಂಪಿನ ಬದಲಿಗೆ ಇನ್ನೊಂದು. ಎಲ್ಲ ಸೇರಿ ₹1,900 ಆಯಿತು. ಪಂಪುಗಳನ್ನು ಈ ಸಲ ನೀರಿನ ಮಟ್ಟಕ್ಕಿಂತ ಮೇಲೆ, ಗೋಡೆಯ ಹಲಗೆಯಲ್ಲಿ ಇಟ್ಟೆವು. ವಯರನ್ನು ಸ್ವಿಚ್ಚಿಗಿಂತ ಕೆಳಗೆ ಒಮ್ಮೆ ಬಾಗಿಸಿ ಮೇಲೆ ತಂದೆವು, ಜಾರಿ ಬಂದ ನೀರು ಅಲ್ಲೇ ತೊಟ್ಟಿಕ್ಕಲಿ ಎಂದು.

ಹಳೆಯ ಜಾತಿಗೆ ಆರೈಕೆ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಮರದ ತುಂಡು ಒಂದೆರಡು ತಿಂಗಳಿಗೆ ಕಟ್ಟಿಕೊಳ್ಳುತ್ತದೆ, ಬದಲಿಸಬೇಕು. ಕೊಳವೆಯ ಕತ್ತಿನ ಜಿಡ್ಡನ್ನು ಎರಡು ಮೂರು ದಿನಕ್ಕೊಮ್ಮೆ ಒರೆಸದಿದ್ದರೆ ನೊರೆ ಏರುವುದಿಲ್ಲ. ಸೋಪು ಮಾತ್ರ ತಾಗಿಸಬಾರದು. ಎಣ್ಣೆ ಕೈ ಅದ್ದಿದರೂ ನೊರೆ ಕುಸಿಯುತ್ತದೆ. ಹೊಸದರಲ್ಲಿ ಕೆಲವು ದಿನ ಅದು ಹೇಳಿದ ಮಾತು ಕೇಳುವುದಿಲ್ಲ, ಕಾಯಬೇಕು. ತೊಟ್ಟಿಯ ನೀರು ಆವಿಯಾಗಿ ಇಳಿದರೆ ಸಿಹಿನೀರನ್ನೇ ಹಾಕಬೇಕು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ಮುಂದೆ ಮೀನು ಹೆಚ್ಚಿಸುವುದಾದರೆ ಸೂಜಿ ಚಕ್ರದ್ದು ತರೋಣ ಎಂದು ತಂಗಿಗೆ ಮಾತು ಕೊಟ್ಟಿದ್ದೇನೆ.

ಐದನೇ ದಿನ ಬಟ್ಟಲಿನಲ್ಲಿ ಕಡು ಚಹಾದ ಬಣ್ಣದ ನೀರು ಎರಡು ಬೆರಳು ನಿಂತಿತ್ತು. ತಂಗಿ ಅಪ್ಪಯ್ಯನ ಮೂಗಿನ ಹತ್ತಿರ ಹಿಡಿದಳು. ಅವರು ಮುಖ ತಿರುಗಿಸಿ, "ಐಸ್ ಕರಗಿದ ಬೋಟಿನ ತಳದ ವಾಸನೆ" ಎಂದರು. ಆಮೇಲೆ ದಿನಾ ಸಂಜೆ ಬಟ್ಟಲು ತೊಳೆಯುವ ಕೆಲಸ ಅವರದೇ ಆಯಿತು. ಯಾರೂ ಹೇಳಿದ್ದಲ್ಲ.

ತಂಗಿ ಅವರಿಗೆ ಇನ್ನೊಂದು ವಿಷಯ ಹೇಳಿದ್ದಳು. ಕ್ಲೌನ್ ಮೀನಿನ ಜೋಡಿಯಲ್ಲಿ ದೊಡ್ಡದು ಹೆಣ್ಣು. ಅದು ಸತ್ತರೆ ಉಳಿದ ಗಂಡೇ ಮೆಲ್ಲಗೆ ಹೆಣ್ಣಾಗುತ್ತದೆ. ಅಪ್ಪಯ್ಯ ಬಹಳ ಹೊತ್ತು ಆ ಒಂಟಿ ಮೀನನ್ನು ನೋಡಿ, "ಮತ್ತೆಂತ ಮಾಡೂದು, ಮನಿ ನಡಿಬೇಕಲ್ದಾ" ಎಂದರು. ಅಮ್ಮ ಒಳಗಿನಿಂದ ನಕ್ಕಳು.

ಆಗಸ್ಟ್ ಬಂತು, ಬೋಟು ಇಳಿಯಿತು. ಈಗ ಅಪ್ಪಯ್ಯ ಬಂದರಿಗೆ ಬಂದು ಫೋನಿಗೆ ಸಿಗ್ನಲ್ ಸಿಕ್ಕಿದ ಕೂಡಲೇ ಮನೆಗೆ ಕರೆ ಮಾಡುತ್ತಾರೆ. ಮೊದಲು ಎಷ್ಟು ಮೀನು ಬಿತ್ತು ಎಂದು ಹೇಳುತ್ತಿದ್ದರು. ಈಗ ಮೊದಲು ಕೇಳುವುದು, "ನೊರೆ ಬಂತಾ?"