ಚಳಿಗಾಲ, ಕೋಳಿ ಮತ್ತು ನೂರು ಡೋಸು

ಧನುರ್ಮಾಸದಲ್ಲಿ ನಮ್ಮಜ್ಜಿ ಕೋಳಿಗಳ ಮೇಲೆ ಮಂಕರಿ ಕವುಚಿ ಗೋಣಿತಾಟು ಹೊದಿಸೋರು. ತೂಕಡಿಸಿದರೆ ಬೆಳ್ಳುಳ್ಳಿ-ಅರಿಶಿನ. ಆದರೆ ಕೊಕ್ಕರೆ ರೋಗ ಬಂತೋ.. ಹಸಿರು ಹಿಕ್ಕೆ, ತಿರುಚಿದ ಕತ್ತು, ವಾರದೊಳಗೆ ಇಡೀ ಕೇರಿಯ ಗೂಡು ಖಾಲಿ.

ನಾನೂ ತಾಟು ಕಟ್ಟುತ್ತೇನೆ, ಮೇಲ್ಗಡೆ ಗಾಳಿಗೆ ಜಾಗ ಬಿಟ್ಟು. ಪೂರ್ತಿ ಮುಚ್ಚಿದರೆ ಹಿಕ್ಕೆಯ ಅಮೋನಿಯಾ ಚಳಿಗಿಂತ ಕೆಟ್ಟದ್ದು.

ರೋಗಕ್ಕೆ ಲಸಿಕೆಯಿದೆ. ಮರಿಗೆ ಮೊದಲ ವಾರದಲ್ಲೇ ಕಣ್ಣಿಗೊಂದು ತೊಟ್ಟು ಲಸೋಟಾ, ದೊಡ್ಡದಾದ ಮೇಲೆ ಆರ್2ಬಿ ಚುಚ್ಚುಮದ್ದು. ಪೇಚಾಟ ಏನಪ್ಪಾ ಅಂದ್ರೆ, ಸೀಸೆಯಲ್ಲಿ 100 ಡೋಸು, ನನ್ನ ಹತ್ತಿರ ಇರೋದು 12 ಮರಿ! ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಅದಕ್ಕೇ ಐಸ್ ತುಂಬಿದ ಥರ್ಮಾಸಲ್ಲಿ ಅದನ್ನಿಟ್ಟುಕೊಂಡು ಕೇರಿಯಲ್ಲಿ ಮನೆಮನೆ ಸುತ್ತುತ್ತೇನೆ.

"ನಮ್ಮವು ಚೆನ್ನಾಗವೆ ಬಿಡಪ್ಪಾ" ಅಂತಾರೆ ಪಕ್ಕದ್ಮನೆ ಅಜ್ಜಿ. ಚೆನ್ನಾಗಿರುವಾಗಲೇ ಹಾಕಬೇಕು ಅಜ್ಜೀ, ಬಂದ ಮೇಲೆ ಔಷಧಿಯೇ ಇಲ್ಲ ಅಂದೆ. ಬಾಗಿಲು ತೆಗೆದರು.