ಯಾವೂರು? ಯಾರ ಪೈಕಿ?



ಮೊನ್ನೆ ಒಬ್ಬ ಪರಿಚಯದವರು ಸಿಕ್ಕಿದ್ರು. ನಮ್ಮ ಚನ್ನರಾಯಪಟ್ಟಣದವರೇ, ಬೆಂಗಳೂರಲ್ಲಿ ಮನೆ ಕಟ್ಟಿಸಿಕೊಂಡು ನೆಲೆಯಾಗಿರೋರು. "ಏನ್ ಸಾರ್, ಇನ್ನೂ ಎರಡು ಲೋಟದ ಕತೆ ಹೇಳ್ಕೊಂಡೇ ಓಡಾಡ್ತಿದ್ದೀರಲ್ಲ. ಬೆಂಗಳೂರಿಗೆ ಬನ್ನಿ, ಯಾವ ಹೋಟ್ಲಲ್ಲಿ ಯಾರು ಜಾತಿ ಕೇಳ್ತಾರೆ ತೋರ್ಸಿ" ಅಂದ್ರು. ನಾನು ವಾದ ಮಾಡ್ಲಿಲ್ಲ. ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲನ್ನ ಬರೀಬೇಕು ಅಂತ ಕೂತಿದ್ದೀನಿ.

ಮೊದಲು ಆ ಮುಕ್ಕಾಲು ಪಾಲು.

1994. ನನ್ನ ಎಸ್ಸೆಸ್ಸೆಲ್ಸಿ ಮುಗಿದಿತ್ತು. ಅಪ್ಪನ ಕಣ್ಣು ತೋರಿಸೋಕೆ ಮಿಂಟೋ ಆಸ್ಪತ್ರೆಗೆ ಅಂತ ಇಬ್ಬರೂ ಹೊರಟೆವು. ಕೆಂಪು ಬಸ್ಸು, ಹಿರೀಸಾವೆ, ಬೆಳ್ಳೂರು ಕ್ರಾಸು, ಕುಣಿಗಲ್ಲು, ನೆಲಮಂಗಲ ದಾಟಿ ಮೆಜೆಸ್ಟಿಕ್ಕು. ಅಪ್ಪ ಕಾಯಿ ಸುಲಿಯೋ ಕೂಲಿ. ಊರಿನ ಹೋಟ್ಲಲ್ಲಿ ನಮಗೆ ಬೇರೆ ಗಾಜಿನ ಲೋಟ, ಹೊರಗೆ ಸೂರಿನ ಸಂದೀಲಿ ಸಿಕ್ಕಿಸಿರೋರು. ನಾವೇ ತಗೋಬೇಕು, ತೊಳೆದು ಕೆಳಗಿಡಬೇಕು, ಅವರು ಮೇಲಿಂದ ಟೀ ಹುಯ್ಯೋರು. ಕುಡಿದು, ಮತ್ತೆ ತೊಳೆದು, ಅಲ್ಲೇ ಸಿಕ್ಕಿಸಬೇಕು. ನಮ್ಮ ತಾತನ ಕಾಲಕ್ಕೆ ಅದೂ ಇರಲಿಲ್ಲ, ತೆಂಗಿನ ಕರಟ. "ನಾನು ಸುಲಿದ ಕಾಯಿ ಚಟ್ನಿ ಒಳಗೆ, ಕರಟ ಹೊರಗೆ" ಅಂತ ಅಪ್ಪನೇ ತಮಾಷೆ ಮಾಡ್ತಿದ್ದ.

ಮೆಜೆಸ್ಟಿಕ್ ಹತ್ರ ಒಂದು ದರ್ಶಿನಿ. ಈ ದರ್ಶಿನಿಗಳು ಬೆಂಗಳೂರಿನದೇ ಕಂಡುಹಿಡಿಕೆ, ಎಂಬತ್ತರ ದಶಕದಲ್ಲಿ ಜಯನಗರದಲ್ಲಿ ಶುರುವಾಗಿದ್ದು. ಕುರ್ಚಿ ಇಲ್ಲ, ಚೀಟಿ ತಗೊಂಡು ನಿಂತು ತಿನ್ನೋದು. ಅಪ್ಪನಿಗೆ ನಿಂತು ಕುಡಿಯೋದೇನು ಹೊಸದಲ್ಲ. ಆದ್ರೆ ಅಲ್ಲಿ ಎಲ್ಲರೂ ನಿಂತಿದ್ರು! ಪ್ಯಾಂಟು ಹಾಕಿದೋರು, ಜನಿವಾರ ಕಾಣೋರು, ಪೊಲೀಸ್ನೋರು, ಎಲ್ಲಾ. ಅಪ್ಪ ಸುತ್ತ ನೋಡಿದ. ಇಡ್ಲಿ ತಿಂದು ಕಾಫಿ ಕುಡಿದ ಮೇಲೆ ಸ್ಟೀಲ್ ಲೋಟ ಹಿಡ್ಕೊಂಡು ಸೀದಾ ಕೈ ತೊಳೆಯೋ ನಲ್ಲಿ ಹತ್ರ ಹೋಗಿ ಅದನ್ನ ಬೆಳಗೋಕೆ ನಿಂತುಬಿಟ್ಟ. ಬೆರಳಲ್ಲಿ ಒಳಗೆಲ್ಲ ಉಜ್ಜಿ ಉಜ್ಜಿ. ಕ್ಲೀನರ್ ಹುಡುಗ ಓಡಿ ಬಂದು "ಯಜಮಾನ್ರೇ ಬಿಡಿ, ನಿಮ್ಗ್ಯಾಕೆ, ಅದು ನನ್ನ ಕೆಲ್ಸ" ಅಂತ ಕಿತ್ಕೊಂಡ. ಆಮೇಲೆ ಅದನ್ನ ಎಲ್ಲರ ಲೋಟ ಇದ್ದ ಟಬ್ಬಿಗೆ ಎಸೆದ. ಢಣ್ ಅಂತ ಸದ್ದಾಯ್ತು. ಅಪ್ಪ ಆ ಟಬ್ಬನ್ನೇ ನೋಡ್ತಾ ನಿಂತಿದ್ದ. ಬಸ್ಸಲ್ಲಿ ವಾಪಸ್ ಬರೋವಾಗ ಕಣ್ಣಿನ ಡಾಕ್ಟರ್ ವಿಷಯ ಒಂದು ಮಾತಾಡಲಿಲ್ಲ. "ಯಾರ್ದು ಯಾವ್ದೂಂತ ಗೊತ್ತಾಗಕಿಲ್ಲ ಕಣ್ಲಾ" ಅಂತ ಎರಡು ಸಲ ಅಂದ. ಆ ಹುಡುಗ ಯಾವ ಕಾಲೋನಿಯವನೋ ಅಂತ ನನಗೆ ಅನಿಸಿದ್ದು ಎಷ್ಟೋ ವರ್ಷ ಆದಮೇಲೆ.

ಹಾಗಾಗಿ ಬೆಂಗಳೂರಿನ ಋಣ ನನ್ನ ಮೇಲಿದೆ. ಹೋಟ್ಲಿಗೆ ಹೋಗಿ ದುಡ್ಡು ಕೊಟ್ಟು ತಿನ್ನೋದು ಅಂದ್ರೆ ಏನಂತ ಗೊತ್ತಿಲ್ಲದೆ ಬಾಬಾಸಾಹೇಬರು ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲ್ ಅಂತ ಬಿಡಿಸಿ ಬರೆಸಲಿಲ್ಲ. ಬರೋಡಾದಲ್ಲಿ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದೋರು ಹೊರಹಾಕಿದಾಗ ಅವರು ವಿದೇಶದಲ್ಲಿ ಓದಿ ಬಂದಿದ್ದರು.

ನಮ್ಮೂರಲ್ಲಿ ಆಮೇಲೆ ಏನಾಯ್ತು ಅಂದ್ರೆ, ಪ್ಲಾಸ್ಟಿಕ್ ಲೋಟ ಬಂತು, ಅದರ ಹಿಂದೆ ಪೇಪರ್ ಲೋಟ. ನಾವು ಹೋರಾಟ ಮಾಡಿದ್ವಿ, ಕೇಸು ಹಾಕ್ತೀವಿ ಅಂದ್ವಿ. ಮಾಲೀಕ ಎರಡು ಲೋಟ ತೆಗೆದು ಎಲ್ಲರಿಗೂ ಕುಡಿದು ಬಿಸಾಕೋದು ಇಟ್ಟ. ಕಾನೂನೂ ಸರಿಹೋಯ್ತು, ಮೈಲಿಗೇನೂ ಸರಿಹೋಯ್ತು. ನಮ್ಮ ಎಂಜಲು ಲೋಟ ಯಾರೂ ತೊಳೆಯೋ ಹಾಗಿಲ್ಲವಲ್ಲ. ಗೌಡ್ರು ಬಂದ್ರೆ ಒಳಗಿಂದ ಸ್ಟೀಲ್ ಲೋಟ ಈಗಲೂ ಬರುತ್ತೆ, ನೋಡ್ಕೊಳ್ಳಿ. ನಮ್ಮ ತಾಲ್ಲೂಕಿನ ದಿಂಡಗೂರಲ್ಲಿ ದಲಿತರು ದೇವಸ್ಥಾನದೊಳಗೆ ಕಾಲಿಟ್ಟಿದ್ದು 2021ರಲ್ಲಿ, ಅದೂ ಅಧಿಕಾರಿಗಳು, ಪೊಲೀಸರು ಪಕ್ಕದಲ್ಲಿದ್ದಾಗ.

ಈಗ ಕಾಲು ಪಾಲಿಗೆ ಬರ್ತೀನಿ. ಅದು ಬೇಕರಿ ವಿಷಯ.

ಬೆಂಗಳೂರಿನ ಬೇಕರಿಗೂ ನಮ್ಮ ಹಾಸನ ಜಿಲ್ಲೆಗೂ ಏನು ಸಂಬಂಧ ಅಂತ ನಿಮಗೆಲ್ಲ ಗೊತ್ತು. ಹಾಸನದ ಕಡೆಯಿಂದ ಹೋದ ತಿರುಮಲಾಚಾರ್ ಅನ್ನೋರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆಗೆದ್ರು. ಬಿ.ಬಿ. ಅಂದ್ರೆ ಬೆಂಗಳೂರು ಬ್ರಾಹ್ಮಿನ್ಸ್. ಅವರ ಹಿಂದೆ ನಮ್ಮ ಜಿಲ್ಲೆಯೋರು ಸಾಲುಸಾಲಾಗಿ ಹೋದ್ರು. ಇವತ್ತು ಬೋರ್ಡು ಅಯ್ಯಂಗಾರ್ ಅಂತ ಇದ್ರೂ ಎಷ್ಟೋ ಕಡೆ ಒಳಗಿರೋರು ಗೌಡ್ರು. ಅದು ಅವರ ದುಡಿಮೆ, ಬೆಳಗಿನ ಜಾವ ಎದ್ದು ಓವನ್ ಮುಂದೆ ಬೇಯೋ ಕೆಲಸ, ನನಗೆ ಗೌರವ ಇದೆ. ನನ್ನ ತಕರಾರು ಬೋರ್ಡಿನದು. 1957ರಲ್ಲಿ ಮದ್ರಾಸಲ್ಲಿ ಒಂದು ಕೆಫೆ ಬೋರ್ಡಲ್ಲಿ 'ಬ್ರಾಹ್ಮಣರ' ಅಂತ ಇದ್ದಿದ್ದಕ್ಕೆ ಪೆರಿಯಾರ್ ತಿಂಗಳುಗಟ್ಟಲೆ ಚಳವಳಿ ಮಾಡಿದ್ರು. ನಮ್ಮಲ್ಲಿ ಅಯ್ಯಂಗಾರ್ ಬೇಕರಿ, ಬ್ರಾಹ್ಮಿನ್ಸ್ ಕಾಫಿ, ಲಿಂಗಾಯತ ಖಾನಾವಳಿ, ಗೌಡ್ರ ನಾಟಿ ಬಾಡೂಟ, ಎಲ್ಲಾ ರುಚಿಯ ಗುರುತು. ಒಬ್ಬ ನಮ್ಮ ಹುಡುಗ 'ಹೊಲೇರ ಹೋಟೆಲ್' ಅಂತ ಬೋರ್ಡು ಹಾಕಲಿ, ಎಷ್ಟು ಪಾರ್ಸೆಲ್ ಹೋಗುತ್ತೆ ನೋಡೋಣ. ನಮ್ಮೋರು ಹಾಕೋದೂ ಇಲ್ಲ, 'ಮೈಸೂರು ಮಿಲಿಟರಿ ಹೋಟೆಲ್' ಅಂತ ಬರೆಸ್ತಾರೆ.

2001ರಲ್ಲಿ ನಾನು ಪೀಣ್ಯದ ಒಂದು ಫ್ಯಾಕ್ಟರೀಲಿ ಕೆಲಸಕ್ಕಿದ್ದೆ. ರೂಮಿನ ಹತ್ರ ಒಂದು ಬೇಕರಿ. ದಿನಾ ಸಾಯಂಕಾಲ ಟೀ, ಖಾರಾ ಬನ್ನು. ಒಂದಿನ ಕೌಂಟರಲ್ಲಿದ್ದ ಅಣ್ಣ ನನ್ನ ಮಾತು ಕೇಳಿ, "ಯಾವೂರಣ್ಣ ನಿಂದು, ನಮ್ಮ ಕಡೆ ಮಾತಿದ್ದಂಗದೆ" ಅಂದ. ಚನ್ನರಾಯಪಟ್ಟಣ ಅಂದೆ. ಮುಖ ಅರಳಿಹೋಯ್ತು. "ಯಾವ ಹೋಬ್ಳಿ?" ನುಗ್ಗೇಹಳ್ಳಿ. "ಅಯ್ಯೋ ನಮ್ದು ಬಾಗೂರು! ಯಾರ ಪೈಕಿ?"

ಗೆಳೆಯರೇ, ಆ ಪ್ರಶ್ನೆಯಲ್ಲಿ ಒಂದು ಹನಿ ವಿಷ ಇರಲಿಲ್ಲ. ಊರು ಬಿಟ್ಟು ಬಂದವನ ಅಕ್ಕರೆ ಅದು. ಅದೇ ಕಷ್ಟ. ಬೈಯೋಕೆ ಬಂದವನ ಎದುರು ಹೇಗೆ ನಿಲ್ಲಬೇಕು ಅಂತ ಸಂಘಟನೆ ಕಲಿಸಿಕೊಡುತ್ತೆ, ಪ್ರೀತಿಯಿಂದ ಕೇಳೋನಿಗೆ ಏನು ಹೇಳ್ಬೇಕು ಅಂತ ಯಾರೂ ಕಲಿಸಿರಲಿಲ್ಲ. ಮೆಜೆಸ್ಟಿಕ್ಕಿನ ಅಪರಿಚಿತ ಕೇಳದೇ ಇದ್ದಿದ್ದನ್ನ ನಮ್ಮೂರಿನವನು ಕೇಳಿದ. ನನ್ನ ಬಾಯಲ್ಲಿ ಬಂದಿದ್ದು, ಅಪ್ಪ ಕಾಯಿ ಸುಲಿಯೋಕೆ ಹೋಗ್ತಿದ್ದ ಗೌಡರ ಮನೆ ಹೆಸರು. "ಅವರ ಅಣ್ತಮ್ಮಂದಿರ ಕಡೆ" ಅಂದುಬಿಟ್ಟೆ. "ನಮ್ಮೋರೇ ಬಿಡು!" ಅಂದ. ಅವತ್ತು ದುಡ್ಡು ತಗೊಳ್ಳಲಿಲ್ಲ. ಜೊತೆಗೆ ಒಂದು ದಿಲ್‌ಪಸಂದ್ ಕಟ್ಟಿಕೊಟ್ಟ. ರೂಮಿಗೆ ತಗೊಂಡು ಹೋಗಿ ತಿಂದೆ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳ್ಲಿ. ಮಾರನೇ ದಿನದಿಂದ ಆ ರಸ್ತೆ ಬಿಟ್ಟು ಸುತ್ತು ಹಾಕಿ ಹೋಗ್ತಿದ್ದೆ.

ವೇದಿಕೆ ಮೇಲೆ ಸ್ವಾಭಿಮಾನದ ಭಾಷಣ ಮಾಡೋನು ಇದನ್ನ ಇಪ್ಪತ್ತು ವರ್ಷ ಯಾರಿಗೂ ಹೇಳಿರಲಿಲ್ಲ.

ಹೋದ ತಿಂಗಳು ಮಗಳ ಕಾಲೇಜು ಅಡ್ಮಿಷನ್‌ಗೆ ಬೆಂಗಳೂರಿಗೆ ಹೋಗಿದ್ವಿ. ಮಳೆ. ಹತ್ತಿರ ಇದ್ದ ಒಂದು ಬೇಕರಿಗೆ ನುಗ್ಗಿ ಎರಡು ಟೀ, ಎರಡು ಖಾರಾ ಬನ್ ತಗೊಂಡ್ವಿ. ಕೌಂಟರಲ್ಲಿ ನನ್ನ ವಯಸ್ಸಿನವರು. ಮತ್ತೆ ಅದೇ. "ಚನ್ರಾಯಪಟ್ಣದೋರಾ? ಯಾವೂರು? ಯಾರ ಪೈಕಿ?" ನನಗೆ ಐವತ್ತು ಹತ್ರ ಆಯ್ತು, ಎಷ್ಟೋ ಧರಣಿ ಮಾಡಿದ್ದೀನಿ, ಆದ್ರೂ ನಾಲಿಗೆ ಒಂದು ಕ್ಷಣ ಒಣಗಿತು. ಟೀ ಊದ್ತಾ ನಿಂತೆ. ಅಷ್ಟರಲ್ಲಿ ಮಗಳು, ಮೊಬೈಲಿಂದ ತಲೆನೂ ಎತ್ತದೆ, "ಎ.ಕೆ. ಕಾಲೋನಿ ಅಂಕಲ್" ಅಂದಳು. ಊರಿನ ಬಸ್‌ಸ್ಟಾಪ್ ಹೆಸರು ಹೇಳಿದ ಹಾಗೆ.

ಅವರು "ಓ, ಹೌದಾ" ಅಂದ್ರು. ಕೆಟ್ಟ ಮಾತು ಆಡಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಪಫ್ಸ್ ಸರಿಸಿ ಜೋಡಿಸೋಕೆ ಶುರು ಮಾಡಿದ್ರು. ಬಾಗೂರೋ ಹಿರೀಸಾವೆಯೋ ಅವರ ಊರು ಯಾವುದು ಅಂತ ನಮಗೆ ಗೊತ್ತಾಗಲೇ ಇಲ್ಲ.

ಮಗಳು ದುಡ್ಡು ಕೊಟ್ಟಳು. ಚಿಲ್ಲರೆ ಎಣಿಸಿದಳು. ಹೊರಗೆ ಬಂದಮೇಲೆ ಅವಳಿಗೆ 2001ರ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. "ಆ ದಿಲ್‌ಪಸಂದ್‌ಗೆ ಎಷ್ಟಿತ್ತಪ್ಪ ಆಗ?" ಅಂದಳು. ಗೊತ್ತಿಲ್ಲ ಅಂದೆ. ಆಮೇಲೆ, ಮಳೆ ನಿಂತಿದೆಯಾ ಅಂತ ಕೈ ಚಾಚಿ ನೋಡ್ತಾ, "ಇಲ್ಲಿ ಖಾರಾ ಬನ್ ಚೆನ್ನಾಗಿದೆ, ಹಾಸ್ಟೆಲ್ಲಿಂದ ಹತ್ರ, ದಿನಾ ಬರ್ತೀನಿ" ಅಂದಳು.