ತೂಬಿಗಿಂತ ಮೊದಲೇ ಬಂದ ನೀರು



ಹದಿಹರೆಯದ ಮಕ್ಕಳನ್ನು ಕುರಿತು ಹಿರಿಯರಾದ ನಾವು ಆಡುವ ದೂರು ಸಾಮಾನ್ಯವಾಗಿ ಒಂದೇ: ‘ಎಷ್ಟು ಬುದ್ಧಿ ಹೇಳಿದರೂ ಕೇಳುವುದಿಲ್ಲ.’ ಹಾಗೆಂದು ತೀರ್ಪು ಕೊಡುವ ಮುನ್ನ, ಆ ಬುದ್ಧಿಗೆ ನೆಲೆಯಾದ ಮಿದುಳು ಬೆಳವಣಿಗೆಯ ಯಾವ ಹಂತದಲ್ಲಿದೆ ಎಂಬುದನ್ನು ಅರಿಯುವುದು ಒಳಿತು.

ಶಹಾಪುರ, ಸುರಪುರ ಸೀಮೆಯ ರೈತರಿಗೆ ನಾರಾಯಣಪುರ ಎಡದಂಡೆ ಕಾಲುವೆ ಚಿರಪರಿಚಿತ. ಕಾಲುವೆಗೆ ನೀರು ಬಂದಿದೆ, ತೂಬಿಗೆ ಬಾಗಿಲು ಇನ್ನೂ ಕೂಡಿಸಿಲ್ಲ ಎಂದಾದರೆ ಹೊಲದ ಗತಿ ಏನು? ಹದಿಹರೆಯದ ಮಿದುಳಿನ ಸ್ಥಿತಿಯೂ ಹೆಚ್ಚುಕಡಿಮೆ ಹಾಗೆಯೇ. ಸುಖವನ್ನು, ಸಾಹಸವನ್ನು, ಗೆಳೆಯರ ಮೆಚ್ಚುಗೆಯನ್ನು ಬಯಸುವ ಒಳಭಾಗಗಳು ಆ ವಯಸ್ಸಿನ ಆರಂಭದಲ್ಲೇ ಚುರುಕಾಗುತ್ತವೆ. ಹಣೆಯ ಹಿಂದಿರುವ, ಪರಿಣಾಮವನ್ನು ತೂಗಿ ನೋಡಿ ‘ಬೇಡ’ ಎನ್ನುವ ಭಾಗವಾದರೋ 25ರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಜೊತೆಗೆ, ಈ ವಯಸ್ಸಿನಲ್ಲಿ ಪದೇ ಪದೇ ಬಳಸಿದ ನರತಂತುಗಳ ಸಂಪರ್ಕ ಗಟ್ಟಿಗೊಳ್ಳುತ್ತದೆ. ಬಳಸದೆ ಬಿಟ್ಟದ್ದು ಕಳಚಿ ಹೋಗುತ್ತದೆ. ಆದುದರಿಂದಲೇ ಹಾಡು, ಆಟ, ಭಾಷೆಗಳನ್ನು ಮಕ್ಕಳು ಬೇಗ ಕಲಿಯುತ್ತಾರೆ. ಅದೇ ದಾರಿಯಲ್ಲಿ ಚಟವೂ ಬೇಗ ಬೇರುಬಿಡುತ್ತದೆ. ತಂಬಾಕಿನ ನಿಕೋಟಿನ್ ಆಗಲಿ, ಮದ್ಯವಾಗಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸಿ, ‘ಇದು ಮತ್ತೆ ಬೇಕು’ ಎಂಬ ಪಾಠವನ್ನು ಆ ಎಳೆಯ ಮಿದುಳಿಗೆ ಕಲಿಸಿಬಿಡುತ್ತವೆ.

ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಆ ಮೊದಲ ಪಾಠ ಎಲ್ಲಿಂದ ಬರುತ್ತದೆ? ದೂರದ ದುಷ್ಟರಿಂದ ಎಂದು ನಾವು ನಂಬಿದ್ದೇವೆ. ಆದರೆ ‘ಓಡಿ ಹೋಗಿ ಎರಡು ಪಾಕೀಟು ತಗೊಂಡು ಬಾರಪ್ಪ’ ಎಂದು ಹತ್ತು ವರುಷದ ಮಗನ ಕೈಗೆ ದುಡ್ಡು ಕೊಡುವವರು ಮನೆಯವರೇ ಅಲ್ಲವೇ? 2013ರಲ್ಲಿ ಕರ್ನಾಟಕ ಸರ್ಕಾರ ಗುಟಕಾ ನಿಷೇಧಿಸಿದ ಮೇಲೆ ಪಾನ್ ಮಸಾಲಾ ಒಂದು ಪಾಕೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಮಾರಾಟಕ್ಕೆ ಬಂದವು. ಎರಡನ್ನೂ ಅಂಗೈಯಲ್ಲಿ ಬೆರೆಸುವುದನ್ನು ಮಗು ದಿನವೂ ನೋಡುತ್ತದೆ. ತಂದೆತಾಯಿಯರು ಬೆಂಗಳೂರು, ಪುಣೆ, ಮುಂಬೈಗಳಿಗೆ ದುಡಿಯಲು ಹೋದ ಮನೆಗಳಲ್ಲಂತೂ ಅಜ್ಜಿಯೊಬ್ಬಳೇ ಕಾವಲು. ಹತ್ತಿ ಬಿಡಿಸಿದ ಕೂಲಿ ಹುಡುಗನ ಜೇಬಿನಲ್ಲಿರುತ್ತದೆ, ‘ಸಂಜೆ ಎಲ್ಲಿದ್ದೆ?’ ಎಂದು ಕೇಳುವವರು ಊರಲ್ಲಿರುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 2003ರ ಕಾಯ್ದೆ 18 ತುಂಬದವರಿಗೆ ತಂಬಾಕು ಮಾರುವುದನ್ನೂ, ಶಾಲೆಯಿಂದ ನೂರು ಗಜದೊಳಗೆ ಮಾರುವುದನ್ನೂ ನಿಷೇಧಿಸಿತು. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಆ ವಯಸ್ಸನ್ನು 21ಕ್ಕೆ ಏರಿಸಿದೆ. ಆದರೆ ಅಪ್ಪನ ಹೆಸರು ಹೇಳಿ ಕೈಚಾಚುವ ಮಗುವನ್ನು ಅಂಗಡಿಯವನು ಹಿಂದಕ್ಕೆ ಕಳುಹಿಸುವುದು ಕಷ್ಟ.

ಹಾಗಾದರೆ ನಾವು ಮಾಡಬೇಕಾದುದೇನು? ಮಿದುಳು ಬಲಿಯುವವರೆಗೆ ಮೊದಲ ರುಚಿಯನ್ನು ಮುಂದೂಡುವುದೇ ದೊಡ್ಡ ರಕ್ಷಣೆ. ಚಿಕ್ಕಂದಿನಲ್ಲಿ ಆರಂಭಿಸಿದಷ್ಟೂ ಚಟ ಅಂಟಿಕೊಳ್ಳುವ ಸಂಭವ ಹೆಚ್ಚು. ಮಕ್ಕಳನ್ನು ತಂಬಾಕಿಗಾಗಿ, ಮದ್ಯಕ್ಕಾಗಿ ಅಂಗಡಿಗೆ ಕಳುಹಿಸದಿರೋಣ. ಮದುವೆ, ಹಬ್ಬಗಳ ಊಟದಲ್ಲಿ ‘ಒಂದು ಗುಟುಕು ಇರಲಿ’ ಎಂದು ಹುಡುಗರನ್ನು ಹುರಿದುಂಬಿಸದಿರೋಣ. ಊರು ಬಿಟ್ಟ ತಂದೆತಾಯಿಯರು ದಿನಕ್ಕೊಮ್ಮೆ ಫೋನಿನಲ್ಲಿ ಹಣದ ಮಾತು ಬಿಟ್ಟು ಮಗನ ದಿನಚರಿಯನ್ನು ಕೇಳಲಿ. ಸಾಹಸ ಬಯಸುವ ವಯಸ್ಸಿಗೆ ಸಾಹಸವನ್ನೇ ಕೊಡೋಣ: ಸಂಜೆ ಕಬಡ್ಡಿ, ಗಾಯನ, ನಾಟಕಗಳಿಗಾಗಿ ಧರ್ಮಕೇಂದ್ರದ ಅಂಗಳ ತೆರೆದಿರಲಿ.

ಈಗಾಗಲೇ ಚಟಕ್ಕೆ ಸಿಕ್ಕಿದ ಮಗುವನ್ನು ಹೊಡೆದು, ಹಂಗಿಸಿ ಬಿಡಿಸಲಾಗದು. ಅದು ಚಿಕಿತ್ಸೆ ಬೇಕಾದ ಸ್ಥಿತಿ. ಹಗಲಿರುಳು ಉಚಿತವಾಗಿ ದೊರೆಯುವ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು. ಎಳೆಯ ಮಿದುಳು ಕೆಟ್ಟದ್ದನ್ನು ಬೇಗ ಕಲಿಯುವಂತೆ ಒಳ್ಳೆಯದನ್ನೂ ಬೇಗ ಕಲಿಯುತ್ತದೆ ಎಂಬ ಭರವಸೆ ನಮಗಿರಲಿ.

ಪ್ರಿಯರೇ, ಆ ತೂಬಿನ ಬಾಗಿಲು ಸಿದ್ಧವಾಗಲು ಇನ್ನೂ ಹಲವು ವರುಷ ಬೇಕು. ಅಲ್ಲಿಯವರೆಗೆ ನೀರಿಗೆ ಅಡ್ಡ ನಿಂತು ಹೊಲ ಕಾಯಬೇಕಾದವರು ನಾವೇ. ಇಂದು ಸಂಜೆ ಮಗನ ಕೈಗೆ ದುಡ್ಡು ಕೊಡುವಾಗ, ಏನು ತರಲು ಕಳುಹಿಸುತ್ತಿದ್ದೇವೆ ಎಂದು ಒಂದು ಕ್ಷಣ ಯೋಚಿಸೋಣ.